ಹಿತ್ತಿಲಿನ ಲೋಟ: ಜಾತಿ ನೋಡುವ ಊರಿನಲ್ಲಿ ಮಕ್ಕಳ ಮನಸ್ಸನ್ನು ತೆರೆದಿಡುವ ಬಗೆ

ನನ್ನ ಮಗಳಿಗೆ ಆಗ ಐದು ವರ್ಷ. ಸಂಕ್ರಾಂತಿಗೆ ತವರಿಗೆ ಹೋಗಿದ್ದೆವು. ಕಣದ ಕೆಲಸ ಮುಗಿಸಿ ಬಂದ ಹಿರಿಯರೊಬ್ಬರು ಅಂಗಳದಲ್ಲಿ ನಿಂತು ನೀರು ಕೇಳಿದರು. ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಸ್ಟೀಲ್ ಲೋಟಗಳಿದ್ದವು. ಮಗಳು ಅವುಗಳತ್ತ ನೋಡಲೂ ಇಲ್ಲ. ಹಿತ್ತಿಲಿಗೆ ಓಡಿಹೋಗಿ, ಕೊಟ್ಟಿಗೆಯ ಗೋಡೆಯ ಸಂದಿಯಲ್ಲಿ ಸಿಕ್ಕಿಸಿದ್ದ ನಗ್ಗಿದ ಅಲ್ಯೂಮಿನಿಯಂ ಲೋಟವನ್ನು ತಂದಳು. ಅದನ್ನೇ ಯಾಕೆ ತಂದೆ ಎಂದು ಕೇಳಿದೆ. "ಅವರ ಲೋಟ ಇದೇ ಅಲ್ಲವೇನಮ್ಮ?" ಎಂದಳು.

ನಾವು ಬಂದು ಮೂರೇ ದಿನವಾಗಿತ್ತು. ಜಾತಿ ಎಂಬ ಪದವನ್ನು ಅವಳೆದುರು ಯಾರೂ ಆಡಿರಲಿಲ್ಲ. ಸುಮ್ಮನೆ ನೋಡುತ್ತಾ ಕಲಿತುಬಿಟ್ಟಿದ್ದಳು. ನಾನು ಆ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎಂಟು ವರ್ಷ ಪಾಠ ಮಾಡಿದ್ದೆ. "ನಾವೆಲ್ಲರೂ ಒಂದೇ" ಎಂದು ಪ್ರತಿ ಆಗಸ್ಟ್ 15ರಂದು ಮಕ್ಕಳಿಂದ ಹೇಳಿಸುತ್ತಿದ್ದೆ. ಮುಂದೆ ಇನ್ನೂ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದೆ, ಆದರೆ ಹಾಗೆ ಹೇಳಿಸುವುದನ್ನು ನಿಲ್ಲಿಸಿದೆ. ಮಕ್ಕಳು ಭೇದಭಾವವನ್ನು ಮಾತಿನಿಂದ ಕಲಿಯುವುದಿಲ್ಲ; ಪಾತ್ರೆಯಿಂದ, ಹೊಸ್ತಿಲಿನಿಂದ, ಕೂರುವ ಜಾಗದಿಂದ ಕಲಿಯುತ್ತಾರೆ. ಅದನ್ನು ಬಿಡಿಸುವುದಿದ್ದರೂ ಅಲ್ಲಿಂದಲೇ ಹಿಡಿಯಬೇಕು.

ಈಗ ಕಾಲ ಬದಲಾಗಿದೆ ಎನ್ನುವವರು ಎರಡು ಘಟನೆಗಳನ್ನು ನೆನಪಿಸಿಕೊಳ್ಳಬೇಕು. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ದೇವಸ್ಥಾನದೊಳಕ್ಕೆ ಓಡಿತು ಎಂದು ಶುದ್ಧೀಕರಣದ ಹೆಸರಿನಲ್ಲಿ ಮನೆಯವರಿಂದ ದಂಡ ಕೇಳಲಾಯಿತು. ಮರುವರ್ಷ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವಕ್ಕೆ ಸೇರಿದ ಕೋಲನ್ನು ಮುಟ್ಟಿದ ದಲಿತ ಹುಡುಗನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದರು. ಎರಡರಲ್ಲೂ "ಅಪರಾಧಿ" ಮಗುವೇ. ಈ ಪಂಚಾಯಿತಿಗಳನ್ನು ಊರಿನ ಉಳಿದ ಮಕ್ಕಳೂ ನೋಡುತ್ತಿದ್ದರು ಎಂಬುದು ನನ್ನನ್ನು ಇನ್ನಷ್ಟು ಕಾಡುತ್ತದೆ.

ನಾನು ಮುಖ್ಯವಾಗಿ ಬರೆಯುತ್ತಿರುವುದು ಭೇದ ಮಾಡುವ ಕಡೆಯಲ್ಲಿ ಹುಟ್ಟಿದ ನನ್ನಂಥ ತಂದೆತಾಯಿಯರಿಗೆ, ಮತ್ತು ಶಿಕ್ಷಕರಿಗೆ. ಭೇದವನ್ನು ಉಣ್ಣುವ ಮಕ್ಕಳ ಬಗ್ಗೆ ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಮೊದಲ ಹೆಜ್ಜೆ: ಒಂದು ವಾರ ನಿಮ್ಮ ಮನೆಯನ್ನೇ ನೋಡಿ

ಮಗುವಿಗೆ ಏನನ್ನೂ ಹೇಳುವ ಮೊದಲು ಒಂದು ನೋಟ್‌ಬುಕ್ ಹಿಡಿದು ಏಳು ದಿನ ಗಮನಿಸಿ. ಮನೆಗೆ ಬಂದವರಲ್ಲಿ ಯಾರು ಜಗಲಿಯಲ್ಲೇ ನಿಂತರು, ಯಾರು ನಡುಮನೆಗೆ ಬಂದರು, ಯಾರನ್ನು ಅಡುಗೆಮನೆಯವರೆಗೆ ಕರೆದಿರಿ? ಯಾರಿಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ, ಯಾರಿಗೆ ಕಾಗದದ ಲೋಟದಲ್ಲಿ? ಪೇಟೆಯಲ್ಲಿ ಈಗ ಹಳೆಯ ಎರಡನೆಯ ಲೋಟದ ಕೆಲಸವನ್ನು ಈ ಕಾಗದದ ಲೋಟ ಸದ್ದಿಲ್ಲದೆ ಮಾಡುತ್ತಿದೆ. ಮನೆಗೆಲಸದವರು ಎಲ್ಲಿ ಕೂತು ತಿಂಡಿ ತಿನ್ನುತ್ತಾರೆ? ಅವರ ತಟ್ಟೆ ಎಲ್ಲಿರುತ್ತದೆ? ಹೊಸಬರು ಪರಿಚಯವಾದಾಗ "ನಿಮ್ಮ ಕಡೆಯವರು ಯಾರು", "ನೀವು ಯಾವ ಪೈಕಿ" ಎಂದು ಸುತ್ತಿ ಬಳಸಿ ಕೇಳಿದ್ದು ಎಷ್ಟು ಸಲ? ಬಾಡಿಗೆ ಮನೆ ನೋಡಲು ಬಂದವರ ಹೆಸರು ಕೇಳಿದ ಕೂಡಲೇ ಮನೆ ಖಾಲಿ ಇಲ್ಲ ಎಂದದ್ದುಂಟೇ? ಎಲ್ಲವನ್ನೂ ಬರೆದಿಡಿ.

ನಮ್ಮ ಮನೆ ಸುಧಾರಿಸಿದ ಮನೆ ಎಂದು ನಂಬಿದ್ದ ನಾನು ಆ ವಾರ ಎರಡು ಪುಟ ತುಂಬಿಸಿದ್ದೆ. ನಾಚಿಕೆಯಾಯಿತು. ಆದರೆ ಆ ಪಟ್ಟಿಯೇ ಕೆಲಸಕ್ಕೆ ಬಂತು: ತಟ್ಟೆ, ಲೋಟ, ಕುರ್ಚಿ, ಬಾಗಿಲು ಎಂದು ಒಂದೊಂದನ್ನೇ ಹಿಡಿದು ಸರಿಪಡಿಸಬಹುದಾಗಿತ್ತು. ಬದಲಾಯಿಸುವಾಗ ಮಗುವಿನ ಮುಂದೆ ಭಾಷಣ ಬೇಡ. ಎಲ್ಲರಿಗೂ ಒಂದೇ ಲೋಟದಲ್ಲಿ ಕೊಡಿ, ಅಷ್ಟು ಸಾಕು. ಮಗು ಖಂಡಿತ ಗಮನಿಸುತ್ತದೆ.

ಎರಡನೆಯ ಹೆಜ್ಜೆ: ಬಹುವಚನ ಯಾರಿಗೆ?

ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿ ಕೂತಿರುತ್ತದೆ. "ಬಾ" ಮತ್ತು "ಬನ್ನಿ" ನಡುವಿನ ವ್ಯತ್ಯಾಸವನ್ನು ಮೂರು ವರ್ಷದ ಮಗು ಕಲಿಯುತ್ತದೆ; ಅದರ ಜೊತೆಗೇ ಯಾರಿಗೆ ಯಾವುದು ಎಂಬುದನ್ನೂ. ಎಪ್ಪತ್ತು ದಾಟಿದ ಆಳನ್ನು ಏಳು ವರ್ಷದ ಹುಡುಗ "ಏ ಬಾರೋ ಇಲ್ಲಿ" ಎನ್ನುವುದನ್ನು ಕೇಳಿ ದೊಡ್ಡವರು ನಕ್ಕು, ಹುಡುಗ ಚುರುಕು ಎಂದದ್ದನ್ನು ನಾನು ಕಂಡಿದ್ದೇನೆ. ಆ ನಗುವೇ ಅವನಿಗೆ ಸಿಕ್ಕ ಬಹುಮಾನ.

ಮನೆಯಲ್ಲಿ ಒಂದೇ ನಿಯಮ ಇರಲಿ: ವಯಸ್ಸಿನಲ್ಲಿ ದೊಡ್ಡವರೆಲ್ಲರಿಗೂ ಬಹುವಚನ. ಪಾತ್ರೆ ತೊಳೆಯಲು ಬರುವವರಿಗೆ, ಕಸದ ಗಾಡಿಯ ಪೌರಕಾರ್ಮಿಕರಿಗೆ, ಆಟೋ ಚಾಲಕರಿಗೆ, ಸಂತೆಯಲ್ಲಿ ಸೊಪ್ಪು ಮಾರುವವರಿಗೆ. ಹೆಸರಿನ ಜೊತೆ ಅಕ್ಕ, ಅಣ್ಣ, ಅಜ್ಜ ಸೇರಲಿ. ದೊಡ್ಡವರಾದ ನೀವು ಮೊದಲು ಆರಂಭಿಸಬೇಕು. ನೀವು "ಬಾರಮ್ಮ" ಎನ್ನುತ್ತಾ ಮಗುವಿಗೆ ಮಾತ್ರ "ಬನ್ನಿ" ಅನ್ನು ಎಂದರೆ ಅದು ನಡೆಯದ ಮಾತು. ಬಹುಕಾಲ ಏಕವಚನದಲ್ಲಿ ಮಾತಾಡಿಸಿದವರನ್ನು ಒಮ್ಮೆಲೇ "ನೀವು" ಎಂದಾಗ ಅವರಿಗೂ ಮುಜುಗರವಾಗುತ್ತದೆ. ನಮ್ಮ ಮನೆಗೆ ಬರುತ್ತಿದ್ದವರು "ಇದೇನಮ್ಮ, ಕೋಪವೇ?" ಎಂದು ಕೇಳಿದ್ದರು. ಎರಡು ವಾರ ಕಳೆದರೆ ರೂಢಿಯಾಗುತ್ತದೆ.

ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ಮಾತುಗಳು, ಒಂದೊಂದು ಸಮುದಾಯವನ್ನು ಹೀನಾಯವಾಗಿ ಆಡುವ ಗಾದೆಗಳು, "ಆ ಜನವೇ ಹಾಗೆ" ಎಂಬ ತೀರ್ಪು, ಇವೂ ಈ ಹೆಜ್ಜೆಯಲ್ಲೇ ಹೋಗಬೇಕು. ಊಟದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಾವು ಮಾಂಸ ತಿನ್ನುವುದಿಲ್ಲ ಎಂದು ಮಗು ಹೇಳಲಿ, ತಪ್ಪಿಲ್ಲ. ಪಕ್ಕದವನ ಡಬ್ಬಿ ತೆರೆದಾಗ "ಛೀ" ಎನ್ನುವುದು ಬೇರೆ ಮಾತು. ಅಸಹ್ಯವನ್ನು ಒಮ್ಮೆ ಕಲಿತ ಮೂಗು ಅದನ್ನು ಮರೆಯಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ.

ಮೂರನೆಯ ಹೆಜ್ಜೆ: ಪ್ರಶ್ನೆ ಬಂದಾಗ ಬಾಯಿ ಮುಚ್ಚಿಸಬೇಡಿ

"ಅವರ ಮನೆಯಲ್ಲಿ ನಾವು ಯಾಕೆ ಊಟ ಮಾಡುವುದಿಲ್ಲ?" "ಅವರು ಯಾಕೆ ದೇವಸ್ಥಾನದ ಹೊರಗೆ ನಿಂತಿದ್ದಾರೆ?" ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ "ಶ್, ಹಾಗೆಲ್ಲ ಕೇಳಬಾರದು." ಇದರಿಂದ ಮಗುವಿಗೆ ತಿಳಿಯುವುದು ಎರಡು ಸಂಗತಿ: ಇಲ್ಲಿ ಏನೋ ಇದೆ, ಮತ್ತು ಅದು ಪ್ರಶ್ನಿಸಬಾರದ್ದು.

ಐದಾರು ವರ್ಷದ ಮಗುವಿಗೆ ನ್ಯಾಯ ಅನ್ಯಾಯದ ಅರಿವು ಚೆನ್ನಾಗಿಯೇ ಇರುತ್ತದೆ. "ಕೆಲವರು ಹುಟ್ಟಿದ ಮನೆ ನೋಡಿ ಮೇಲು ಕೀಳು ಎನ್ನುತ್ತಾರೆ. ಅದು ತಪ್ಪು. ನಮ್ಮ ಮನೆಯವರೂ ಬಹಳ ಕಾಲ ಹಾಗೆ ಮಾಡಿದರು" ಎಂದು ನೇರವಾಗಿ ಹೇಳಿ. ಕೊನೆಯ ವಾಕ್ಯವನ್ನು ನುಂಗಿಬಿಡಬೇಡಿ. ಒಂಬತ್ತು ಹತ್ತು ವರ್ಷಕ್ಕೆ ಕಾರಣಗಳನ್ನು ಹೇಳಬಹುದು: ಭೂಮಿ ಯಾರ ಕೈಯಲ್ಲಿತ್ತು, ಬಾವಿ ಯಾರದಾಗಿತ್ತು, ಶಾಲೆಯ ಬಾಗಿಲು ಯಾರಿಗೆ ಮುಚ್ಚಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, 15ನೆಯ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆಗಳಲ್ಲಿ ಭೇದ ಮಾಡಬಾರದು ಎನ್ನುತ್ತದೆ ಎಂಬುದನ್ನು ಊರಿನ ಬಾವಿಯ ಪಕ್ಕದಲ್ಲೇ ನಿಂತು ಹೇಳಿ. ಪಠ್ಯಪುಸ್ತಕದ ಸಾಲು ಅಲ್ಲಿ ಜೀವ ಪಡೆಯುತ್ತದೆ. ಹದಿಮೂರರ ನಂತರ ಮೀಸಲಾತಿಯ ಮಾತು ಬಂದೇ ಬರುತ್ತದೆ. "ನನ್ನ ಸೀಟನ್ನು ಅವರು ಕಿತ್ತುಕೊಂಡರು" ಎಂದು ಮಗು ಎಲ್ಲಿಂದಲೋ ಕೇಳಿಕೊಂಡು ಬರುತ್ತದೆ. ಗದರಬೇಡಿ. ನಮ್ಮ ಮನೆಯಲ್ಲಿ ಮೊದಲು ಓದಿದವರು ಯಾವ ತಲೆಮಾರಿನವರು, ಮೀಸಲಾತಿ ಪಡೆಯುವ ಗೆಳೆಯನ ಮನೆಯಲ್ಲಿ ಯಾವ ತಲೆಮಾರಿನವರು ಎಂದು ಇಬ್ಬರೂ ಕೂತು ಲೆಕ್ಕ ಹಾಕಿ. ನಮ್ಮ ಮನೆಯ ಲೆಕ್ಕ ಐದು ತಲೆಮಾರು ಹಿಂದಕ್ಕೆ ಹೋಯಿತು. ಮಗಳ ಗೆಳತಿಯ ಮನೆಯಲ್ಲಿ ಅವಳೇ ಮೊದಲು.

ನಾಲ್ಕನೆಯ ಹೆಜ್ಜೆ: ಅಜ್ಜಿಯ ವಿಷಯ

ಎಲ್ಲರೂ ಕೇಳುವ ಪ್ರಶ್ನೆ ಇದು. ಅಜ್ಜಿಗೆ ಮಡಿ ಇದೆ, ಮೈಲಿಗೆ ಇದೆ, ಮೊಮ್ಮಗನ ಮೇಲೆ ಪ್ರಾಣವನ್ನೇ ಇಟ್ಟಿದ್ದಾರೆ. ಮಗುವಿನ ಮುಂದೆ ಅವರನ್ನು ಕೆಟ್ಟವರು ಎಂದರೆ ಎರಡು ಪ್ರೀತಿಗಳ ನಡುವೆ ಮಗು ಹರಿದುಹೋಗುತ್ತದೆ. ಏನೂ ಹೇಳದಿದ್ದರೆ ಅಜ್ಜಿಯ ಮಾತೇ ಸರಿ ಎಂದಾಗುತ್ತದೆ.

ನಾನು ಕಂಡುಕೊಂಡ ದಾರಿ ಹೀಗೆ. ಮೊದಲು ಅಜ್ಜಿಯ ಜೊತೆ ಏಕಾಂತದಲ್ಲಿ ಮಾತಾಡಿ. ಅವರ ನಂಬಿಕೆಯನ್ನೇ ಬದಲಿಸುತ್ತೇನೆ ಎಂದು ಹೊರಡಬೇಡಿ. ಮಗುವಿನ ಗೆಳೆಯರು ಬಂದಾಗ ಅವರಿಗೆ ನೋವಾಗುವ ಒಂದು ಮಾತೂ ಬರಬಾರದು, ಒಂದು ಪಾತ್ರೆಯೂ ಬೇರೆಯಾಗಬಾರದು ಎಂಬಷ್ಟನ್ನು ಖಚಿತವಾಗಿ ಹೇಳಿ. "ಅಮ್ಮ, ನಿಮ್ಮ ಪೂಜೆ ನಿಮಗೆ. ಮನೆಗೆ ಬಂದ ಮಗುವಿನ ಊಟ ನನಗೆ ಬಿಡಿ." ಮಗುವಿಗೆ ಹೇಳಬೇಕಾದದ್ದು: "ಅಜ್ಜಿ ನಿನ್ನನ್ನು ತುಂಬಾ ಪ್ರೀತಿಸುತ್ತಾರೆ. ಈ ಒಂದು ವಿಷಯದಲ್ಲಿ ಅವರು ತಪ್ಪು. ಪ್ರೀತಿಸುವವರೂ ತಪ್ಪು ಮಾಡಬಹುದು." ಇದು ಸಣ್ಣ ಪಾಠವೇನಲ್ಲ. ಒಳ್ಳೆಯವರೂ ಅನ್ಯಾಯ ಮಾಡುತ್ತಾರೆ ಎಂಬುದು ತಿಳಿದ ಮಗು ಮುಂದೆ ತನ್ನ ತಪ್ಪನ್ನೂ ಒಪ್ಪಿಕೊಳ್ಳಬಲ್ಲದು.

ಐದನೆಯ ಹೆಜ್ಜೆ: ಒಂದೇ ತಂಡದಲ್ಲಿ ಆಡಲಿ

ಬೇರೆ ಬೇರೆ ಜನ ಹತ್ತಿರ ಬಂದರೆ ಸಾಕು, ಪೂರ್ವಗ್ರಹ ತಾನಾಗಿ ಕರಗುತ್ತದೆ ಎಂದು ಹಲವರು ನಂಬುತ್ತಾರೆ. ಹತ್ತಿರ ಬಂದ ಮಾತ್ರಕ್ಕೆ ಏನೂ ಆಗುವುದಿಲ್ಲ. ಒಡೆಯ ಮತ್ತು ಆಳು ನೂರಾರು ವರ್ಷ ಒಂದೇ ಅಂಗಳದಲ್ಲಿ ಬದುಕಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಇದಕ್ಕೆ ಷರತ್ತುಗಳನ್ನು ಹೇಳಿದ್ದರು: ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಹಿರಿಯರ ಬೆಂಬಲ ಇರಬೇಕು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ಬೇರೆ ಜಾತಿಯ ಯುವಕರಿಗಾಗಿ ಕ್ರಿಕೆಟ್ ಪಂದ್ಯಾವಳಿ ನಡೆಸಿ ನೋಡಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಭೇಟಿಯಾದವರಲ್ಲಿ ಅಂಥ ಗೆಳೆತನ ಕಡಿಮೆಯೇ ಆಯಿತು. ಆದ್ದರಿಂದ ಊರಿನ ಆಟದಲ್ಲಿ ಮೇಲಿನ ಕೇರಿ ಒಂದು ತಂಡ, ಕೆಳಗಿನ ಕೇರಿ ಇನ್ನೊಂದು ತಂಡ ಎಂದು ಮಾಡಬೇಡಿ. ಚೀಟಿ ಎತ್ತಿ ತಂಡ ಕಟ್ಟಿ.

ನಂತರ ಮನೆಗೆ ಹೋಗಿ ಬರುವ ವಿಷಯ. ಗೆಳೆಯ ನಿಮ್ಮ ಮನೆಗೆ ಬಂದು ಉಂಡು ಹೋದರೆ ಕೆಲಸ ಅರ್ಧವಾಯಿತು. ಉಳಿದರ್ಧ ನಿಮ್ಮ ಮಗು ಅವನ ಮನೆಗೆ ಹೋಗಿ ಉಣ್ಣುವುದು. ನಮ್ಮ ಕಡೆಯ ಉದಾರತೆ ಸಾಮಾನ್ಯವಾಗಿ ಇಲ್ಲೇ ಮುಗ್ಗರಿಸುತ್ತದೆ. ಕೊಡುವುದು ಸುಲಭ, ಅವರ ಕೈಯಿಂದ ತೆಗೆದುಕೊಳ್ಳುವುದು ಕಷ್ಟ. ಮಗುವನ್ನು ಕಳಿಸಿ, ನೀವೂ ಹೋಗಿ. ಕೊಟ್ಟದ್ದನ್ನು ತಿನ್ನಿ. "ಈಗಷ್ಟೇ ಊಟವಾಯಿತು" ಎಂಬ ನೆಪ ಅವರು ತಲೆಮಾರುಗಳಿಂದ ಕೇಳಿಕೊಂಡು ಬಂದದ್ದು. ಅದರ ಅರ್ಥ ಅವರಿಗೆ ತಕ್ಷಣ ಗೊತ್ತಾಗುತ್ತದೆ. ರಂಜಾನಿನ ದಿನ ಮುಸ್ಲಿಂ ಗೆಳೆಯರ ಮನೆಗೆ, ಯುಗಾದಿಯ ದಿನ ಅವರು ನಿಮ್ಮ ಮನೆಗೆ ಬರುವುದು ಒಳ್ಳೆಯದೇ. ಆದರೆ ಹಬ್ಬಕ್ಕಿಂತ ಸುಮ್ಮನೆ ಒಂದು ಮಂಗಳವಾರ ಸಂಜೆ ಹೋಮ್‌ವರ್ಕ್ ಮಾಡಲು ಹೋಗುವುದು ಹೆಚ್ಚು ಬೆಲೆಯುಳ್ಳದ್ದು.

ಆರನೆಯ ಹೆಜ್ಜೆ: "ಪಾಪ" ಎನ್ನುವುದರಲ್ಲಿ ನಿಲ್ಲಬೇಡಿ

ಮಕ್ಕಳಿಗೆ ಕನಿಕರ ಕಲಿಸಿ ಅನುಭೂತಿ ಕಲಿಸಿದೆವು ಎಂದುಕೊಳ್ಳುತ್ತೇವೆ. "ಪಾಪ, ಅವರು ಬಡವರು, ನಿನ್ನ ಹಳೆಯ ಅಂಗಿ ಕೊಡು" ಎನ್ನುವಾಗ ಮಗು ಮೇಲೆ ನಿಂತೇ ಕೈ ಚಾಚುತ್ತದೆ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಲು ಕಥೆ ಬೇಕು, ಆ ಕಥೆಯಲ್ಲಿ ಅವಮಾನಕ್ಕೆ ಒಳಗಾದವರಿಗೆ ಬುದ್ಧಿ, ಸಿಟ್ಟು, ಆಸೆ, ಹಟ ಎಲ್ಲವೂ ಇರಬೇಕು.

ಬಾಲಕ ಭೀಮರಾವ್ ಅಂಬೇಡ್ಕರ್ ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದಿದ್ದರೆ ನೀರೂ ಇಲ್ಲ. ನನ್ನ ತರಗತಿಯಲ್ಲಿ ಇದನ್ನು ಹೇಳಿ, "ಆ ಹುಡುಗ ಆಗ ಏನು ಯೋಚಿಸಿರಬಹುದು?" ಎಂದಷ್ಟೇ ಕೇಳುತ್ತಿದ್ದೆ. ಒಮ್ಮೆ ಮೂರನೆಯ ತರಗತಿಯ ಹುಡುಗಿಯೊಬ್ಬಳು, "ಅವನು ಗೋಣಿತಟ್ಟನ್ನು ಸಂಜೆ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದನೇ ಮಿಸ್? ದಾರಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತಲ್ಲ?" ಎಂದು ಕೇಳಿದಳು. ನನಗೆ ಅದು ಹೊಳೆದೇ ಇರಲಿಲ್ಲ. ಕಥೆಯನ್ನು ಅಲ್ಲಿಗೇ ಬಿಡದೆ 1927ರಲ್ಲಿ ಮಹಾರಾಷ್ಟ್ರದ ಮಹಾಡಕ್ಕೂ ಕರೆದೊಯ್ಯಿರಿ, ಅಲ್ಲಿ ಅದೇ ಹುಡುಗ ದೊಡ್ಡವನಾಗಿ ಸಾವಿರಾರು ಜನರೊಂದಿಗೆ, ದಲಿತರನ್ನು ಮುಟ್ಟಗೊಡದಿದ್ದ ಚವದಾರ್ ಕೆರೆಯ ನೀರು ಕುಡಿದ.

ತನ್ನವರ ವಿರುದ್ಧ ನಿಂತವರ ಕಥೆಯೂ ಬೇಕು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ಸ್ವಂತ ಸಮಾಜದ ಬಹಿಷ್ಕಾರವನ್ನು ಉಂಡರು. ಮೇಲ್ಜಾತಿಯ ಮಗುವಿಗೆ ಬರೀ ತಪ್ಪಿತಸ್ಥನ ಪಾತ್ರ ಕೊಟ್ಟರೆ ಅದು ಕಿವಿ ಮುಚ್ಚಿಕೊಳ್ಳುತ್ತದೆ. ಹೀಗೂ ಬದುಕಬಹುದಿತ್ತು, ಬದುಕಿದವರಿದ್ದಾರೆ ಎಂದು ಅದಕ್ಕೆ ತಿಳಿಯಬೇಕು.

ಏಳನೆಯ ಹೆಜ್ಜೆ: ನಿಮ್ಮ ಮಗುವೇ ನೋಯಿಸಿದ ದಿನ

ಆ ದಿನ ಬರುತ್ತದೆ. ಹೊಡೆತ ಬೇಡ, ಎಲ್ಲರ ಮುಂದೆ ಕ್ಷಮೆ ಕೇಳಿಸುವುದೂ ಬೇಡ. ಶಿಕ್ಷೆಯಾದರೆ ಮಗು ತನ್ನ ನೋವಿನ ಬಗ್ಗೆ ಯೋಚಿಸುತ್ತದೆ, ಇನ್ನೊಬ್ಬರದು ಮರೆತುಹೋಗುತ್ತದೆ. ಅದನ್ನು ಪಕ್ಕಕ್ಕೆ ಕರೆದು ಏನಾಯಿತು ಎಂದು ಕೇಳಿ, ನಂತರ ಆ ಗೆಳೆಯನ ಮುಖ ಹೇಗಾಯಿತು, ಅವನು ಮನೆಗೆ ಹೋಗಿ ಯಾರಿಗೆ ಹೇಳಿರಬಹುದು, ಹೇಳದೇ ಇರಬಹುದೇ ಎಂದು ಕೇಳಿ. ಕೊನೆಗೆ "ಈಗ ಏನು ಮಾಡೋಣ?" ಎನ್ನಿ. ಪರಿಹಾರ ಮಗುವೇ ಹೇಳಲಿ. ಗೆಳೆಯನಿಗೆ ಕ್ಷಮಿಸುವ ಮನಸ್ಸಿಲ್ಲದಿದ್ದರೆ ಅದು ಅವನ ಹಕ್ಕು ಎಂದೂ ಮಗುವಿಗೆ ಹೇಳಬೇಕು.

ಎಂಟನೆಯ ಹೆಜ್ಜೆ: ಶಿಕ್ಷಕರು ಮಾಡಬಹುದಾದದ್ದು

ಅಮೆರಿಕದ ಸಂಶೋಧಕಿ ರೆಬೆಕ್ಕಾ ಬಿಗ್ಲರ್ ಮಕ್ಕಳಿಗೆ ಎರಡು ಬಣ್ಣದ ಅಂಗಿ ತೊಡಿಸಿ ನೋಡಿದರು. ಕೆಲವು ತರಗತಿಗಳಲ್ಲಿ ಶಿಕ್ಷಕರು ಬಣ್ಣದ ಹೆಸರು ಹಿಡಿದು ಗುಂಪು ಮಾಡಿ ಕೂರಿಸಿದರು, ಕೆಲಸ ಕೊಟ್ಟರು. ಅಲ್ಲಿನ ಮಕ್ಕಳು ತಮ್ಮ ಬಣ್ಣದವರೇ ಉತ್ತಮ ಎನ್ನತೊಡಗಿದರು. ಶಿಕ್ಷಕರು ಬಣ್ಣವನ್ನು ಗಮನಿಸದೇ ಬಿಟ್ಟ ತರಗತಿಗಳಲ್ಲಿ ಹಾಗಾಗಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ವಿದ್ಯಾರ್ಥಿವೇತನದ ದಿನ. "ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಎಂದು ನಾನೇ ಎಷ್ಟೋ ವರ್ಷ ಕೂಗಿದ್ದೇನೆ. ಆ ಮಾಹಿತಿ ದಾಖಲಾತಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಿದರೆ ಐದು ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೇ.

ಕೂರಿಸುವ ಕ್ರಮ ಹಾಜರಿ ಪುಸ್ತಕದ ಹೆಸರುಗಳ ಅಕ್ಷರಕ್ರಮದಂತೆ ಇರಲಿ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸೀಟು ಮೀಸಲಿಟ್ಟಾಗ ಏನಾಯಿತು ಎಂದು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿದರು. ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡ ಮಕ್ಕಳನ್ನು ತಂಡಕ್ಕೆ ಸೇರಿಸಿಕೊಳ್ಳಲು ಹಿಂಜರಿಯುವುದು ಕಡಿಮೆಯಾಯಿತು. ಹೆಸರಿನ ಅಕ್ಷರಕ್ರಮದಿಂದಾಗಿ ಒಂದೇ ಅಧ್ಯಯನ ಗುಂಪಿಗೆ ಬಿದ್ದವರಲ್ಲಿ ಒಡನಾಟದ ಪರಿಣಾಮ ಸ್ಪಷ್ಟವಾಗಿತ್ತು. ಗುಡಿಸುವ, ನೀರು ತರುವ ಕೆಲಸಗಳಿಗೆ ಸರದಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಶೌಚಾಲಯವನ್ನು ಯಾವ ಮಗುವಿನಿಂದಲೂ ತೊಳೆಸಬೇಡಿ.

ಇನ್ನು ಬಿಸಿಯೂಟ. ಅಡುಗೆಯವರು ದಲಿತರು ಎಂಬ ಕಾರಣಕ್ಕೆ ಮಕ್ಕಳನ್ನು ಶಾಲೆ ಬಿಡಿಸಿದ ಪ್ರಕರಣಗಳು ನಮ್ಮ ರಾಜ್ಯದಲ್ಲಿಯೇ ವರದಿಯಾಗಿವೆ. ಶಿಕ್ಷಕರು ಮನೆಯಿಂದ ಡಬ್ಬಿ ತಂದು ಕೊಠಡಿಯಲ್ಲಿ ಕೂತು ಉಣ್ಣುತ್ತಾ ಮಕ್ಕಳಿಗೆ ಮಾತ್ರ ಸಹಪಂಕ್ತಿ ಬೋಧಿಸಲಾಗದು. ಪಂಕ್ತಿಯಲ್ಲಿ ಕೂತು, ಅದೇ ಸಾರು ಬಡಿಸಿಕೊಳ್ಳಿ, ಅಡುಗೆಯವರನ್ನು ಹೆಸರು ಹಿಡಿದು ಅಕ್ಕ ಎಂದು ಕರೆಯಿರಿ.

ನೋವು ಉಣ್ಣುವ ಮಗು ನಿಮ್ಮದಾದರೆ

ಈ ಭಾಗ ದಲಿತ ಸಮುದಾಯದ ನನ್ನ ಸಹೋದ್ಯೋಗಿಯೊಬ್ಬರಿಂದ ಕಲಿತದ್ದು. ತಮ್ಮ ಮಗನಿಗೆ ಅವರು ಹೇಳುತ್ತಿದ್ದದ್ದು ಇಷ್ಟು: "ತಪ್ಪು ನಿನ್ನಲ್ಲಿಲ್ಲ. ಅವರಿಗೆ ಅರ್ಥ ಮಾಡಿಸುವುದು ನಿನ್ನ ಕೆಲಸವಲ್ಲ. ಆಗಿದ್ದನ್ನು ನನಗೆ ಹೇಳು, ನಾನಿದ್ದೇನೆ." ಅವಮಾನಿಸಿದವರ ಬಗ್ಗೆ ಅನುಭೂತಿ ಇರಲಿ ಎಂದು ಆ ಮಗುವಿಗೆ ಉಪದೇಶಿಸುವುದು ಕ್ರೌರ್ಯ. ಅದಕ್ಕೆ ಬೇಕಾದದ್ದು ನಂಬಿಕೆಯ ಹಿರಿಯರು, ತನ್ನ ಜನರ ಸಾಧನೆಯ ಕಥೆಗಳು, ಮತ್ತು ಪಕ್ಕದಲ್ಲಿ ನಿಂತು ಮಾತಾಡುವ ಒಬ್ಬ ಗೆಳೆಯ. ಆ ಗೆಳೆಯ ನಿಮ್ಮ ಮಗುವಾಗಲಿ ಎಂದು ಮೇಲಿನ ಎಂಟು ಹೆಜ್ಜೆಗಳನ್ನು ಬರೆದೆ.

ಊರು ಮುನಿಸಿಕೊಂಡರೆ

ಮುನಿಸಿಕೊಳ್ಳುತ್ತದೆ. ನೆಂಟರು ಬರುವುದು ಕಡಿಮೆಯಾಗುತ್ತದೆ, ದೇವರ ಕಾರ್ಯಕ್ಕೆ ಕರೆ ಬರುವುದಿಲ್ಲ, ಮಗುವನ್ನು ಆಟಕ್ಕೆ ಸೇರಿಸುವುದಿಲ್ಲ. ಇದನ್ನು ಮಗುವಿನಿಂದ ಮುಚ್ಚಿಡಬೇಡಿ. ಒಂಟಿಯಾಗಿ ಹೊರಡುವುದಕ್ಕಿಂತ ನಿಮ್ಮಂತೆ ಯೋಚಿಸುವ ಎರಡು ಮನೆಗಳನ್ನು ಮೊದಲು ಹುಡುಕಿಕೊಳ್ಳಿ; ಎರಡು ಮೂರು ಮನೆಗಳಾದರೆ ಮಕ್ಕಳಿಗೆ ಆಡಲು ಜೊತೆ ಸಿಗುತ್ತದೆ. ಅಸ್ಪೃಶ್ಯತೆ ಆಚರಿಸಲು ಒಪ್ಪದವರನ್ನು ಅವರದೇ ಸಮುದಾಯ ಬಹಿಷ್ಕರಿಸಿದರೆ ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಇದು ಹಲವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಬೆನ್ನು ಸ್ವಲ್ಪ ನೇರವಾಗುತ್ತದೆ.

ಕೊನೆಗೆ, ತಂದೆತಾಯಿಯರು ಹೆದರುವ ಒಂದು ಪ್ರಶ್ನೆ ಉಳಿಯುತ್ತದೆ. ಮಗಳಿಗೆ ಹದಿನಾರು ತುಂಬಿದ ವರ್ಷ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಕೇಳಿದಳು: "ಅಮ್ಮ, ಮುಂದೆ ನಾನು ಬೇರೆ ಜಾತಿಯವನನ್ನು, ದಲಿತ ಹುಡುಗನನ್ನೇ ಮದುವೆಯಾಗುತ್ತೇನೆ ಎಂದರೆ?" ಲೋಟ, ತಟ್ಟೆ, ಬಹುವಚನ ಎಲ್ಲವನ್ನೂ ಸರಿಪಡಿಸಿದ್ದ ನಾನು ತಕ್ಷಣ ಉತ್ತರಿಸಲಾಗಲಿಲ್ಲ. ಒಂದು ದಿನ ಸಮಯ ಕೊಡು ಎಂದೆ. ಮರುದಿನ ಸಂಜೆ, ಹುಡುಗ ಒಳ್ಳೆಯವನಾಗಿದ್ದರೆ ನಾನು ಮುಂದೆ ನಿಂತು ಮಾಡುತ್ತೇನೆ ಎಂದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. "ಆ ಒಂದು ದಿನ ನಿಮಗೆ ಯಾಕೆ ಬೇಕಾಯಿತು?" ಎಂದು ಕೇಳಿದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಚ್ಚಿಡದೆ, ಹಿತ್ತಿಲಿನ ಆ ಲೋಟದಿಂದಲೇ ಹೇಳಲು ಆರಂಭಿಸಿದೆ.